ಬೆಳಗಿನ ಆ ಮೊದಲ ಗುಟುಕು

ಬೆಳಿಗ್ಗೆ ಎದ್ದವರೇ ಒಬ್ಬರು ಗ್ಲಾಸಿಗೆ ಕೈ ಹಾಕುತ್ತಾರೆ. ಕೈ ನಡುಗಿ ಮದ್ಯ ತುಳುಕುತ್ತದೆ. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಹೇಗೋ ಬಾಯಿಗೆ ತರುತ್ತಾರೆ. ಸ್ವಲ್ಪ ಹೊತ್ತಿಗೆ ನಡುಕ ನಿಲ್ಲುತ್ತದೆ. ನೋಡಿದವರು "ಬೆಳ್ಳಂಬೆಳಿಗ್ಗೆಯೇ ಮಜಾ ಶುರುವಾಯ್ತು" ಅನ್ನುತ್ತಾರೆ. ಆ ಮುಖ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಮಜಾ ಅನ್ನುವುದೇ ಇಲ್ಲ.

ಮಿದುಳಿನಲ್ಲಿ ಸದಾ ಒಂದು ಹಗ್ಗಜಗ್ಗಾಟ ನಡೆದಿರುತ್ತದೆ. ನರಗಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕ ಒಂದು ಕಡೆ, ಚುರುಕುಗೊಳಿಸುವ ಗ್ಲುಟಮೇಟ್ ಇನ್ನೊಂದು ಕಡೆ. ಮದ್ಯ ಗಾಬಾದ ಕಡೆ ನಿಂತು ಎಳೆಯುತ್ತದೆ. ದಿನಾ ಹೀಗಾದರೆ ಮಿದುಳು ಎದುರು ಪಕ್ಷಕ್ಕೆ ಬಲ ತುಂಬಿ ಸರಿದೂಗಿಸಿಕೊಳ್ಳುತ್ತದೆ. ಅಂಥವರು ಒಂದು ದಿನ ಥಟ್ಟನೆ ಕುಡಿತ ನಿಲ್ಲಿಸಿದರೆ? ಒಂದು ಕಡೆಯವರು ಹಗ್ಗ ಬಿಟ್ಟ ಹಾಗೆ. ನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದೆಲ್ಲ ಕಾಣುವುದು, ಜ್ವರ, ಬಡಬಡಿಕೆ ಶುರುವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಹಾಗಾಗಿ ವರ್ಷಗಟ್ಟಲೆ ಜಾಸ್ತಿ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ದಯವಿಟ್ಟು. ವೈದ್ಯರ ಬಳಿ ಈ ದಿನಗಳನ್ನು ದಾಟಿಸಲು ಔಷಧಿಗಳಿವೆ. ಜೊತೆಗೆ ಬಿ1 ವಿಟಮಿನ್ ಕೂಡ ಕೊಡುತ್ತಾರೆ, ಅದು ಕಮ್ಮಿಯಾದರೆ ನೆನಪಿನ ಶಕ್ತಿಗೇ ಪೆಟ್ಟು.

ಸರಿ, ಖುಷಿಯೇ ಇಲ್ಲದಿದ್ದರೆ ಬೇಕು ಬೇಕು ಅನ್ನಿಸುವುದೇಕೆ? ಮಿಷಿಗನ್ ವಿಶ್ವವಿದ್ಯಾಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 1993ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಇಷ್ಟಪಡುವುದು ಬೇರೆ, ಹಂಬಲಿಸುವುದು ಬೇರೆ. ಮಿದುಳಿನಲ್ಲಿ ಎರಡರ ದಾರಿಯೂ ಬೇರೆ. ಡೋಪಮೀನ್ ಎಂಬ ಮಿದುಳಿನ ರಾಸಾಯನಿಕ ಮುಖ್ಯವಾಗಿ ಹಂಬಲದ ಕಡೆಯದು. ಚಟ ಬೆಳೆದಂತೆ ಹಂಬಲ ಏರುತ್ತಲೇ ಹೋಗುತ್ತದೆ, ಖುಷಿ ಏರುವುದಿಲ್ಲ. "ಅವನಿಗೆ ಅದೇ ಇಷ್ಟ, ಅದಕ್ಕೇ ಬಿಡಲ್ಲ" ಅನ್ನುವ ಮಾತು ನನಗೆ ತುಂಬಾ ನೋವು ಕೊಡುವುದು ಇದಕ್ಕೇ.

ಈ ಹಂಬಲ ಜಾಗಕ್ಕೂ ಅಂಟಿಕೊಂಡಿರುತ್ತದೆ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಅಮೆರಿಕಕ್ಕೆ ಮರಳಿದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಪತ್ತೆಹಚ್ಚಿ ಮಾತಾಡಿಸಿದರು. ಸುಮಾರು ಐದರಲ್ಲಿ ಒಬ್ಬರಿಗೆ ಅಲ್ಲಿ ಹೆರಾಯಿನ್‌ನಂಥ ಮಾದಕದ ಚಟ ಹತ್ತಿತ್ತು. ಆದರೆ ಅವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು 100ಕ್ಕೆ ಸುಮಾರು 5 ಮಂದಿ ಮಾತ್ರ. ಯುದ್ಧದ ಭಯ, ಆ ಜೊತೆಗಾರರು, ಸುಲಭವಾಗಿ ಸಿಗುತ್ತಿದ್ದ ಪುಡಿ, ಎಲ್ಲ ಹಿಂದೆ ಉಳಿದಿತ್ತು. ಚಿಕಿತ್ಸೆ ಮುಗಿಸಿ ಅದೇ ಓಣಿ, ಅದೇ ಗೆಳೆಯರ ನಡುವೆ ವಾಪಸ್ ಬರುವವರಿಗೆ ಈ ಅನುಕೂಲ ಇರುವುದಿಲ್ಲ, ಅಲ್ವಾ?

ಅವರು ಒಮ್ಮೆ ಜಾರಿದರೆ ಮನೆಯವರಿಗೆ ಸಿಟ್ಟು ಬರುವುದು ಸಹಜ. ಆದರೆ ಹೆರಾಯಿನ್‌ನಂಥ ಮಾದಕದ ವಿಷಯದಲ್ಲಿ ಆ ಗಳಿಗೆ ಸಿಟ್ಟಿನದಲ್ಲ, ಅಪಾಯದ್ದು. ಕೆಲವು ವಾರ ಬಿಟ್ಟಿದ್ದರೆ ದೇಹಕ್ಕೆ ಹಿಂದಿನ ತಾಳಿಕೆ ಇರುವುದಿಲ್ಲ. ಮೊದಲು ತಡೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು. ತುಟಿ ನೀಲಿಯಾಗಿ, ಉಸಿರು ನಿಧಾನವಾಗಿ, ಕರೆದರೂ ಎಚ್ಚರವಾಗದಿದ್ದರೆ ಕೂಡಲೇ ಆಂಬುಲೆನ್ಸ್ ಕರೆಯಬೇಕು. ನಲಾಕ್ಸೋನ್ ಎಂಬ ಮದ್ದು ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಅದರ ಪರಿಣಾಮ ಒಂದೂವರೆ ಗಂಟೆಯೊಳಗೆ ಇಳಿದುಹೋಗಿ ಉಸಿರು ಮತ್ತೆ ನಿಲ್ಲಬಹುದು. ಆದ್ದರಿಂದ ಎದ್ದು ಕೂತು "ಈಗ ಆರಾಮಿದ್ದೀನಿ" ಅಂದರೂ ಆಸ್ಪತ್ರೆಗೆ ಕರೆದುಕೊಂಡೇ ಹೋಗಿ.