ಕೊಬ್ಬರಿ ಮೂಟೆಯ ಕೆಂಗಾಲ ದುಂಬಿ

ಸರಿಯಾಗಿ ಒಣಗದ ಕೊಬ್ಬರಿಯ ಮೂಟೆ ಬಿಚ್ಚಿದರೆ ಒಮ್ಮೊಮ್ಮೆ ಮಿರಮಿರನೆ ಹೊಳೆಯುವ ನೀಲಿ-ಹಸಿರು ದುಂಬಿಯೊಂದು ಸರಸರ ಓಡುತ್ತದೆ. ಅಕ್ಕಿಕಾಳಿನಷ್ಟು ಉದ್ದ, ಕಾಲು ಮಾತ್ರ ಕೆಂಪು. ಹೆಸರು ನೆಕ್ರೋಬಿಯಾ ರೂಫಿಪೆಸ್. ಲ್ಯಾಟಿನ್ನಿನ ‘ರೂಫಿಪೆಸ್’ ಎಂದರೆ ಕೆಂಗಾಲ.

ಇದು ಚೌಕಳಿ ದುಂಬಿಗಳ ಕುಟುಂಬಕ್ಕೆ, ಅಂದರೆ ಕ್ಲೆರಿಡೇಗೆ ಸೇರಿದ್ದು. ಮೈಮೇಲೆ ಚೌಕಳಿ ಮಾತ್ರ ಇಲ್ಲ! ಸುಮಾರು 3,500 ಪ್ರಭೇದಗಳ ಈ ಕುಟುಂಬದಲ್ಲಿ ಹೆಚ್ಚಿನವು ಬೇಟೆಗಾರರು. ಯುರೋಪಿನ ಥನಾಸಿಮಸ್ ಫಾರ್ಮಿಕೇರಿಯಸ್ ಅಂತೂ ತೊಗಟೆ ಕೊರೆಯುವ ದುಂಬಿಗಳು ತಮ್ಮವರನ್ನು ಕರೆಯಲು ಬಿಡುವ ವಾಸನೆಯನ್ನೇ ಹಿಡಿದು ಬಂದು ಅವನ್ನು ತಿನ್ನುತ್ತದೆ.

ನೆಕ್ರೋಬಿಯಾ ಕುಲದ ಬೆರಳೆಣಿಕೆಯ ಪ್ರಭೇದಗಳು ಹಿಡಿದದ್ದು ಬೇರೆ ದಾರಿ: ಒಣಮೀನು, ಒಣಮಾಂಸ, ಮೂಳೆ, ಚರ್ಮ, ಕೊಬ್ಬರಿ. ಈಜಿಪ್ಟಿನ ಮಮ್ಮಿಗಳೊಳಗೂ ಸಿಕ್ಕಿವೆ. ಹಾಗೆಂದು ಬೇಟೆ ಮರೆತಿಲ್ಲ. ಅದೇ ಒಣಮೀನಿನಲ್ಲಿ ಹುಟ್ಟಿದ ನೊಣದ ಮರಿಹುಳುಗಳನ್ನೂ ಬಿಡುವುದಿಲ್ಲ. ಮರಿದುಂಬಿ ಬಲಿತ ಮೇಲೆ ಜಿಡ್ಡಿನ ಜಾಗ ಬಿಟ್ಟು ಯಾವುದೋ ಸಂದಿ ಸೇರಿ, ಬಾಯಿಂದ ನೊರೆ ಬಿಟ್ಟು ಒಳಗೆ ಬಿಳಿ ಕಾಗದದಂಥ ಗೂಡು ಕಟ್ಟಿಕೊಳ್ಳುತ್ತದೆ. ಇದನ್ನು ಗೋದಾಮಿನ ಪೀಡೆಯೆಂದು ಶಪಿಸಿದವರು ಬಹಳ. ಕೂತು ನೋಡಿದವರು ಕಡಿಮೆಯೆಂದೇ ನನ್ನ ಅನಿಸಿಕೆ.

ಕೂತು ನೋಡಿದ ಒಬ್ಬನ ಜೀವ ಮಾತ್ರ ಅದರಿಂದಲೇ ಉಳಿಯಿತು. ಫ್ರೆಂಚ್ ಕ್ರಾಂತಿಯ ಕಾಲ. ಪಾದ್ರಿಯೂ ಕೀಟಪ್ರೇಮಿಯೂ ಆಗಿದ್ದ ಪಿಯೆರ್ ಆಂದ್ರೆ ಲಾತ್ರೇಯ್ ಬೋರ್ಡೋ ನಗರದ ಸೆರೆಯಲ್ಲಿದ್ದ. ಕೈದಿಗಳನ್ನು ನೋಡಲು ಬಂದ ವೈದ್ಯನಿಗೆ ಈತ ನೆಲದ ಮೇಲೆ ಏನನ್ನೋ ದಿಟ್ಟಿಸುತ್ತಿರುವುದು ಕಂಡಿತು. ಏನೆಂದು ಕೇಳಿದರೆ, ಅಪರೂಪದ ದುಂಬಿ ಎಂದ. ಅದು ಕೆಂಗಾಲನ ದಾಯಾದಿ, ನೆಕ್ರೋಬಿಯಾ ರೂಫಿಕೋಲಿಸ್. ವೈದ್ಯ ಅದನ್ನು ಊರಿನ ಕೀಟಾಸಕ್ತ ಹುಡುಗನೊಬ್ಬನಿಗೆ ಕೊಟ್ಟ. ಹದಿನೈದರ ಆಸುಪಾಸಿನ ಆ ಹುಡುಗನೇ ಬೋರಿ ದ ಸೇಂಟ್ ವಿನ್ಸೆಂಟ್. ಲಾತ್ರೇಯ್ ಬರೆದದ್ದನ್ನು ಅವನು ಬಲ್ಲವನಾಗಿದ್ದ. ಓಡಾಡಿ, ಹೇಳಿಸಿ, ಪಾದ್ರಿಯನ್ನು ಬಿಡಿಸಿದ. ಜೊತೆಯ ಕೈದಿಗಳು ಬದುಕಲಿಲ್ಲ. ಹೊರಬಂದವನು 1796ರಲ್ಲಿ ಕೀಟಗಳ ಕುಲಲಕ್ಷಣಗಳ ಪುಸ್ತಕ ಪ್ರಕಟಿಸಿ, ಮುಂದೆ ಪ್ಯಾರಿಸ್ಸಿನಲ್ಲಿ ಪ್ರಾಧ್ಯಾಪಕನಾದ.

ಆ ದುಂಬಿಗೆ ‘ರೂಫಿಕೋಲಿಸ್’, ಅಂದರೆ ಕೆಂಗೊರಳು, ಎಂಬ ಹೆಸರು ಸಿಕ್ಕಿ ಆಗಲೇ ಎರಡು ದಶಕ ಕಳೆಯುತ್ತಿತ್ತು. ಕುಲದ ಹೆಸರು ಬಂದದ್ದು 1795ರಲ್ಲಿ, ಫ್ರಾನ್ಸಿನ ಕೀಟಶಾಸ್ತ್ರಜ್ಞ ಒಲಿವಿಯೇ ಇಟ್ಟದ್ದು. ಗ್ರೀಕಿನಲ್ಲಿ ನೆಕ್ರೋಸ್ ಎಂದರೆ ಹೆಣ, ಬಿಯೋಸ್ ಎಂದರೆ ಬದುಕು.