ಅಲ್ಲಾಡುವ ಹಲ್ಲು ಕೀಳುವ ಮುನ್ನ ಕೆನ್ನೆ ಮುಟ್ಟಿ ನೋಡಿ

ಮೇಲಿನ ಸಾಲಿನಲ್ಲಿ, ಒಂದೇ ಕಡೆ, ಎರಡು ಮೂರು ದವಡೆಹಲ್ಲು ಅಲ್ಲಾಡುತ್ತಿವೆ. ಹುಳುಕಿಲ್ಲ, ಒಸಡಿನಲ್ಲಿ ಕೀವಿಲ್ಲ. "ಕಿತ್ತುಬಿಡಿ ಡಾಕ್ಟ್ರೇ" ಅನ್ನುತ್ತಾರೆ, ಕಿತ್ತೂಬಿಡುತ್ತಾರೆ. ತಿಂಗಳಾದರೂ ಕುಳಿ ಮಾಯುವುದಿಲ್ಲ, ಒಳಗಿನಿಂದ ಮಾಂಸ ಉಬ್ಬಿ ಬರುತ್ತದೆ. ಅದನ್ನೂ ಕೆರೆದು ಎಸೆಯುತ್ತಾರೆ! ಆ ಚೂರು ಫಾರ್ಮಲಿನ್ (ಮಾಂಸ ಕೆಡದಂತೆ ಕಾಯುವ ದ್ರವ) ಡಬ್ಬಿ ಸೇರಿ ಲ್ಯಾಬಿಗೆ ಹೋಗಿದ್ದರೆ ರೋಗದ ಹೆಸರು ಅಂದೇ ಸಿಗುವ ಹಾದಿಯಿತ್ತು: ಮ್ಯಾಕ್ಸಿಲರಿ ಸೈನಸ್ ಕ್ಯಾನ್ಸರ್.

ಮ್ಯಾಕ್ಸಿಲರಿ ಸೈನಸ್ ಎಂದರೆ ಮೇಲ್ದವಡೆಯೊಳಗಿನ ಟೊಳ್ಳು; ದೊಡ್ಡವರಲ್ಲಿ ಸುಮಾರು 15 ಮಿ.ಲೀ. ಜಾಗ. ಇಲ್ಲಿ ಕ್ಯಾನ್ಸರ್ ಹುಟ್ಟುವುದು ಅಪರೂಪ. ಹುಟ್ಟಿದರೆ, ಗೋಡೆ ತಾಗುವವರೆಗೆ ಸದ್ದಿಲ್ಲದೆ ಬೆಳೆಯುತ್ತದೆ. ಟೊಳ್ಳಿನ ನೆಲ ಕೊರೆದಾಗ ಹಲ್ಲು ಅಲ್ಲಾಡುತ್ತದೆ, ಸರಿಯಾಗಿದ್ದ ಹಲ್ಲುಸೆಟ್ಟು ಕೂರುವುದಿಲ್ಲ. ಮೂಗಿನ ಕಡೆ ಒಡೆದರೆ ಒಂದೇ ಹೊಳ್ಳೆ ಕಟ್ಟಿ ರಕ್ತ ಬೆರೆತ ಸಿಂಬಳ. ಮೇಲಕ್ಕೆ ಹೋದರೆ ಕಣ್ಣು ಉಬ್ಬುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಹಿಂದಕ್ಕೆ ದಾಟಿ ಅಗಿಯುವ ಸ್ನಾಯು ಹಿಡಿದರೆ ಬಾಯಿ ತೆರೆಯಲಾಗದು, ಆಗ ತಡವಾಗಿರುತ್ತದೆ.

ಕಣ್ಣಿನ ಕೆಳಗಿನ ನರ ಈ ಟೊಳ್ಳಿನ ಚಾವಣಿಯಲ್ಲೇ ಹಾದು ಕೆನ್ನೆಗೆ ಬರುತ್ತದೆ. ಹತ್ತಿಯ ಎಳೆಯಿಂದ ಎರಡೂ ಕೆನ್ನೆ, ಮೂಗಿನ ಪಕ್ಕ, ಮೇಲ್ದುಟಿ ಸವರಿ. ಒಂದು ಕಡೆ ಜೋಮು ಇದ್ದರೆ ಗಡ್ಡೆ ಆ ನರವನ್ನು ಹಿಡಿದಿರಬಹುದು, ಇಕ್ಕಳ ಕೆಳಗಿಡಿ. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ.

ಮತ್ತೆ ಮತ್ತೆ ಹೇಳುತ್ತೇನೆ: ಒಂದೇ ಕಡೆ. ನೆಗಡಿ, ಅಲರ್ಜಿ ಸಾಮಾನ್ಯವಾಗಿ ಎರಡೂ ಹೊಳ್ಳೆಯನ್ನು ಕಾಡುತ್ತವೆ. ಒಂದೇ ಕಡೆಯದೆಲ್ಲ ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಹೆಚ್ಚಿನ ಬಾರಿ ಹಲ್ಲಿನ ಬೇರಿನ ಸೋಂಕೋ ಫಂಗಸ್ಸೋ ಆಗಿರುತ್ತದೆ. ಆದರೆ ಒಂದು ಕೋರ್ಸ್ ಆಂಟಿಬಯಾಟಿಕ್ ಮುಗಿದರೂ ಹಾಗೇ ಇದ್ದರೆ, ಎರಡನೆಯ ಚೀಟಿ ಬರೆಯುವ ಬದಲು ಸಿ.ಟಿ. ಮಾಡಿಸಿ. ಹಲ್ಲಿನ ದೊಡ್ಡ ಎಕ್ಸ್‌ರೇ ನಂಬಬೇಡಿ. ಅದರಲ್ಲಿ ಮೂಳೆಯ ನೆರಳು ಒಂದರ ಮೇಲೊಂದು ಬಿದ್ದು ಸವೆತ ಅಡಗುತ್ತದೆ. ಗಡ್ಡೆ ಎಷ್ಟು, ಕಟ್ಟಿಕೊಂಡ ಸಿಂಬಳ ಎಷ್ಟು ಎಂದು ಬಿಡಿಸಿ ತೋರಿಸುವುದು ಎಂಆರ್‌ಐ. ಸ್ಕ್ಯಾನ್ ಮೊದಲು, ಬಯಾಪ್ಸಿ (ಪರೀಕ್ಷೆಗೆ ಚೂರು ತೆಗೆಯುವುದು) ಆಮೇಲೆ. ಚೂರು ತೆಗೆದ ಮೇಲೆ ಬರುವ ಊತ ಚಿತ್ರ ಕೆಡಿಸುತ್ತದೆ. ಮೂಗಿನೊಳಗಿಂದಲೋ ಮಾಯದ ಕುಳಿಯಿಂದಲೋ ತೆಗೆಯಿರಿ, ಕೆನ್ನೆ ಕೊಯ್ದು ಬೇಡ.

ಚಿಕಿತ್ಸೆ ಸಾಮಾನ್ಯವಾಗಿ ಆಪರೇಷನ್, ಬಳಿಕ ಆರು ವಾರದೊಳಗೆ ರೇಡಿಯೇಷನ್: 30ರಿಂದ 33 ಸಿಟ್ಟಿಂಗ್, ಒಟ್ಟು 60–66 ಗ್ರೇ (ವಿಕಿರಣದ ಅಳತೆ). ಹಂತ ನೋಡಿ ಇದು ಬದಲಾಗುತ್ತದೆ. ಉಳಿದ ಕೆಟ್ಟ ಹಲ್ಲು ಕೀಳಲು ಸರಿಯಾದ ಹೊತ್ತು ರೇಡಿಯೇಷನ್‌ಗೆ ಎರಡು ವಾರ ಮೊದಲು. ಆಮೇಲೆ ಕಿತ್ತರೆ ದವಡೆಮೂಳೆಯೇ ಸಾಯುವ ಅಪಾಯವಿದೆ.

ಅಂಗುಳ ತೆಗೆದ ಜಾಗ ಮುಚ್ಚುವ ತಟ್ಟೆಗೆ, ಅಂದರೆ ಆಬ್ಟುರೇಟರಿಗೆ, ಅಳತೆ ತೆಗೆಯಬೇಕಾದದ್ದು ಆಪರೇಷನ್‌ಗೆ ಮುಂಚೆ. ಟೇಬಲ್ ಮೇಲೇ ಅದನ್ನು ಕೂರಿಸಿದರೆ, ಎಚ್ಚರವಾದಾಗ ರೋಗಿ ಕುಡಿದ ನೀರು ಮೂಗಿನಲ್ಲಿ ಬರುವುದಿಲ್ಲ, ಮಾತು ಮನೆಯವರಿಗೆ ಅರ್ಥವಾಗುತ್ತದೆ.