ಇಂಗ್ಲಿಷ್ ಮಾತಾಡುವಾಗ ನಾನು ನಾನಾಗಿ ಇರುವುದಿಲ್ಲ, ಯಾಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಕನ್ನಡದವರು ಬಂದರೆ ನಗಿಸಿ ನಗಿಸಿ ಕಳಿಸುತ್ತೇನೆ. ವಿದೇಶದವರು ಬಂದರೆ ‘ಯೆಸ್’, ‘ನೋ’, ‘ವೆರಿ ಗುಡ್’, ಅಷ್ಟೇ. ವ್ಯಾಕರಣ ಬರುತ್ತದೆ. ಆದರೂ ಯಾರೋ ಬೇರೆಯವಳು ಮಾತಾಡಿದ ಹಾಗಿರುತ್ತದೆ. ಏನು ಮಾಡಲಿ?

ಉತ್ತರ: ಚಿಕ್ಕಮಗಳೂರಿನ ನನ್ನ ಸಂಜೆ ತರಗತಿಯಲ್ಲಿ ಇದನ್ನು ಕೇಳದವರೇ ಕಡಿಮೆ. ನೀವು ಎಲ್ಲೂ ಕಳೆದುಹೋಗಿಲ್ಲ. ಕನ್ನಡದಲ್ಲಿ ನಿಮ್ಮ ಭಾವನೆ ಎಲ್ಲಿ ಕೂತಿದೆ ಅಂತ ಮೊದಲು ನೋಡಿ.

‘ಬಂದ’ ಅಂದರೆ ಬರೀ ಸುದ್ದಿ. ‘ಬಂದೇಬಿಟ್ಟ’ ಅಂದರೆ ಅದರಲ್ಲಿ ಖುಷಿಯೋ ಗಾಬರಿಯೋ ಇದೆ. ‘ಬಂದ್ನಲ್ಲಾ’ ಅಂದರೆ ನೆಮ್ಮದಿಯೂ ಇರಬಹುದು, ಬೇಜಾರೂ ಇರಬಹುದು. ‘ಬಂದ ಮಾರಾಯ್ರೆ’ ಅಂದರೆ ಕೇಳುವವರನ್ನೂ ಪಕ್ಕದಲ್ಲಿ ಕೂರಿಸಿಕೊಂಡ ಹಾಗೆ. ನಮ್ಮ ಅರ್ಧ ಸ್ವಭಾವ ಇರುವುದೇ ಪದದ ಬಾಲದಲ್ಲಿ. ಇಂಗ್ಲಿಷಿಗೆ ಹೋದರೆ ಬಾಲ ಉದುರಿ ‘ಹಿ ಕೇಮ್’ ಅನ್ನುವ ಒಣ ಸುದ್ದಿ ಮಾತ್ರ ಉಳಿಯುತ್ತದೆ.

ಇಂಗ್ಲಿಷಿನವರು ಇದೇ ಕೆಲಸವನ್ನು ಹೆಚ್ಚಾಗಿ ಪದವನ್ನು ಒತ್ತಿ ಹೇಳುವುದರಿಂದ ಮಾಡುತ್ತಾರೆ. ‘ಐ ಕಾಲ್ಡ್ ಯು’ ಅಂದರೆ ಸುದ್ದಿ. ‘ಐ ಡಿಡ್ ಕಾಲ್ ಯು’ ಅಂತ ‘ಡಿಡ್’ ಮೇಲೆ ಭಾರ ಹಾಕಿ ನೋಡಿ, ನಮ್ಮ ‘ಕರೆದೆನಲ್ಲಾ!’ ಬಂತು. ನಾವು ಎಲ್ಲ ಪದವನ್ನೂ ಒಂದೇ ತೂಕದಲ್ಲಿ ಹೇಳಿಬಿಡುತ್ತೇವೆ. ಹಾಗಾಗಿ ಮನಸ್ಸಲ್ಲಿದ್ದ ನಗು ಎದುರಿನವರಿಗೆ ಮುಟ್ಟುವುದಿಲ್ಲ.

ಪದ ಎಲ್ಲಿ ಕಲಿತೆವು ಅನ್ನುವುದೂ ಮುಖ್ಯ. ಮನಶ್ಶಾಸ್ತ್ರಜ್ಞೆ ಕ್ಯಾಥರೀನ್ ಹ್ಯಾರಿಸ್ ಮತ್ತು ಜೊತೆಯವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಟರ್ಕಿಷ್ ಮನೆಮಾತಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಯ ಮಾತು ಕೇಳಿಸಿ, ತೋರಿಸಿ, ಅವರ ಚರ್ಮದಲ್ಲಾಗುವ ಸಣ್ಣ ಬದಲಾವಣೆ ಅಳೆದರು. ಮಕ್ಕಳನ್ನು ಗದರುವ ಮಾತಿಗೆ ಮೈ ಜಾಸ್ತಿ ಮಿಡಿದಿದ್ದು ಟರ್ಕಿಷ್‌ನಲ್ಲಿ. ನಮಗೂ ಹಾಗೇ ಅಲ್ವಾ? ಅಮ್ಮನ ‘ನಾಚಿಕೆ ಆಗಲ್ವಾ ನಿಂಗೆ?’ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ‘ಶೇಮ್ ಆನ್ ಯು’ ಪಾಠದ ಸಾಲಿನ ಹಾಗೆ ಕೇಳುತ್ತದೆ.

ನನ್ನ ತರಗತಿಯ ಒಬ್ಬರು ಅಕ್ಕ ನಮ್ಮ ಆಷಾಢದ ಮಳೆಗೆ ‘ಹೆವಿ ರೈನ್’ ಅಂದು ಸುಮ್ಮನಾದರು. ಕನ್ನಡದಲ್ಲಿ ಹೇಳಿ ಅಂದೆ. ‘ಅಯ್ಯೋ, ವಾರ ಆದ್ರೂ ಬಟ್ಟೆ ಒಣಗಲ್ಲ. ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತೀವಿ. ಮದುವೆಗೆ ಹೋದ್ರೂ ಸೀರೆ ಎಲ್ಲ ಹೊಗೆ ವಾಸನೆ!’ ಅದನ್ನೇ ತುಂಡು ತುಂಡಾಗಿ ಇಂಗ್ಲಿಷಿಗೆ ತಂದೆವು. ‘ಒನ್ ವೀಕ್, ನೋ ಸನ್! ವಿ ಡ್ರೈ ಕ್ಲೋತ್ಸ್ ಓವರ್ ದ ಫೈರ್. ಸ್ಮೆಲ್ ಮೈ ಸ್ಯಾರಿ!’ ಅಂತ ಸೆರಗು ಮುಂದೆ ಚಾಚಿದರು. ಎಲ್ಲರೂ ನಕ್ಕರು. ಇಂಗ್ಲಿಷಿನಲ್ಲಿ ಅಕ್ಕ ಅಕ್ಕನಾಗಿದ್ದು ಅವತ್ತೇ.

ನೀವೂ ಹೊಸ ಪದಗಳ ಪಟ್ಟಿ ಸದ್ಯಕ್ಕೆ ಪಕ್ಕಕ್ಕಿಡಿ. ಕನ್ನಡದಲ್ಲಿ ನೀವು ಚೆನ್ನಾಗಿ ಹೇಳುವ ಒಂದು ಕಥೆ ಆರಿಸಿಕೊಳ್ಳಿ. ತೋಟಕ್ಕೆ ಆನೆ ಬಂದಿದ್ದೋ, ಇಂಬಳ ಹತ್ತಿದ್ದೋ, ಯಾವುದಾದರೂ ಸರಿ. ಐದಾರು ಚಿಕ್ಕ ವಾಕ್ಯ ಸಾಕು. ಪ್ರತಿ ವಾಕ್ಯದಲ್ಲೂ ಯಾವ ಪದ ಒತ್ತಬೇಕು ಅಂತ ಗುರುತು ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮಧ್ಯೆ ‘ಅಯ್ಯೋ’ ಬಂದರೆ ತಡೆಯಬೇಡಿ, ಅದರ ಅರ್ಥ ನಿಮ್ಮ ಮುಖ ನೋಡಿದರೇ ಅವರಿಗೆ ಗೊತ್ತಾಗುತ್ತದೆ. ಮುಂದಿನ ಅತಿಥಿ ಬಂದಾಗ ಕಾಫಿ ಲೋಟ ಕೈಗೆ ಕೊಟ್ಟು, ಅದೇ ಕಥೆ ಶುರು ಮಾಡಿ.